ಅಭಿನಂದನೆ ಹೇಳಿದ ವರದಿ

ನಮ್ಮ ಮಹಡಿ ಕೋಣೆ,
ಭಾನುವಾರ, ಮೇ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕುತ್ತಿಗೆ ನೋವು ಕಮ್ಮಿಯಾಯ್ತಾ? ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀಯ ತಾನೆ? ಇಲ್ಲಿ ಅಪ್ಪ, ಅಮ್ಮ ಚೆನ್ನಾಗಿದ್ದಾರೆ. ಅಜ್ಜಿಯ ವಿಷಯ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ನೀನು ಒಂದು ಅಳುಮುಖ ಕಳಿಸಿ ಮೀಟಿಂಗಿಗೆ ಹೋಗುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಮ್ಯೂಟ್ ಮಾಡೋಕಾಗಲ್ಲ.

ನಿನ್ನ ಆ್ಯಪ್ ಬಂದ ದಿನ ಊರಿಗೆಲ್ಲ ಡಂಗುರ ಹೊಡೆದವಳು ನಾನೇ. ರಕ್ತಪರೀಕ್ಷೆಯ ವರದಿ ತೆರೆದ ಕೂಡಲೇ ಪರದೆ ತುಂಬ ಬಣ್ಣದ ಚೂರುಗಳು ಉದುರುವುದನ್ನು ರೆಕಾರ್ಡ್ ಮಾಡಿ, "ಇದು ನಮ್ಮಕ್ಕ ಮಾಡಿದ್ದು ಕಣ್ರೋ" ಎಂದು ಕಾಲೇಜಿನ ಎಲ್ಲ ಗ್ರೂಪಿಗೂ ಹಾಕಿದ್ದೆ. ಯಾರಾದರೂ ಕೊಂಕು ತೆಗೆದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಈಗ ಆ ವಿಡಿಯೊ ನೋಡಿದರೆ ಮೈ ಉರಿಯುತ್ತದೆ.

ಕಳೆದ ತಿಂಗಳು ಅಜ್ಜಿಯ ಸಕ್ಕರೆ ಪರೀಕ್ಷೆಯ ವರದಿ ಬಂತು. ಅವಳೇ ಫೋನ್ ತೆಗೆದು ನೋಡಿದಳು. "ಅಭಿನಂದನೆಗಳು, ನಿಮ್ಮ ವರದಿ ಸಿದ್ಧ" ಎಂದು ದಪ್ಪ ಅಕ್ಷರ, ಮೇಲಿಂದ ಬಣ್ಣದ ಸುರಿಮಳೆ. ಯಾರಿಗಾದರೂ ಏನನ್ನಿಸಬೇಕು ಹೇಳು? "ನೋಡೇ, ನಾನು ಗೆದ್ದೆ, ಸಕ್ಕರೆ ಸೋತೋಯ್ತು" ಎಂದು ಅಮ್ಮನಿಗೆ ಹೇಳಿ ಅಂದಿನಿಂದ ಮಾತ್ರೆ ಬಿಟ್ಟಳು. ಟೀ ಮತ್ತೆ ಸಿಹಿಯಾಯಿತು. ನಾವೂ ಚಪ್ಪಾಳೆ ತಟ್ಟಿದೆವು, ದಡ್ಡರು. ಸಕ್ಕರೆ ತುಂಬ ಹೆಚ್ಚಿದೆ, ಡಾಕ್ಟರನ್ನು ಕಾಣಿ ಎಂಬ ಮಾತೂ ಅದರಲ್ಲಿತ್ತಂತೆ. ಎಲ್ಲಿ? ತೀರಾ ಕೆಳಗೆ, ತೆಳು ಬೂದು ಬಣ್ಣದಲ್ಲಿ, ಅದೂ ಒಂದು ಬಾಣದ ಗುರುತು ಒತ್ತಿದರೆ ಮಾತ್ರ. ಸಂಭ್ರಮವನ್ನು ನೆತ್ತಿಯ ಮೇಲೆ ಸುರಿದು ಅಪಾಯವನ್ನು ಮೂಲೆಯಲ್ಲಿ ಬಚ್ಚಿಡುವುದು ಯಾವ ಸೀಮೆ ಡಿಸೈನು ಅಕ್ಕಾ?

ಮೊನ್ನೆ ಅಜ್ಜಿ ಬಚ್ಚಲ ಬಾಗಿಲಲ್ಲಿ ತಲೆಸುತ್ತಿ ಬಿದ್ದಳು. ಮೂಳೆ ಮುರಿದಿಲ್ಲ, ಮಾತ್ರೆ ಮತ್ತೆ ಶುರುವಾಗಿದೆ, ಗಾಬರಿಯಾಗಬೇಡ. ವರದಿ ಬೋರ್ ಹೊಡೆಸಬಾರದು, ಜನ ಖುಷಿಯಿಂದ ತೆರೆಯಬೇಕು ಎಂದು ನೀನು ಹೇಳಿದಾಗ ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿದ್ದೆ. ರಕ್ತ ಕೊಟ್ಟು ಬಂದವರಿಗೆ ಮನರಂಜನೆ ಯಾಕೆ? ಹುಷಾರಾಗಿದ್ದೀನಾ, ಇಲ್ಲವಾ, ಈಗ ಏನು ಮಾಡಬೇಕು, ಅದು ಮೊದಲ ಸಾಲಲ್ಲೇ ಬೇಕು. ನಿಮ್ಮ ಆಫೀಸಿನಲ್ಲಿ ಯಾರೂ ಒಂದು ಕೆಟ್ಟ ವರದಿ ಹಾಕಿ ನೋಡಲೇ ಇಲ್ಲವಾ? ಎಲ್ಲರೂ ಅಷ್ಟು ಗಟ್ಟಿಮುಟ್ಟಾ?

ಅಪ್ಪ, ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ನನ್ನ ಪ್ರೀತಿ ಇದ್ದೇ ಇದೆ, ಸದ್ಯಕ್ಕೆ ಅರ್ಧ ತಡೆಹಿಡಿದಿದ್ದೇನೆ.

ಇನ್ನೂ ಕೋಪ ಇಳಿಯದ
ನಿನ್ನ ಬಾಲ

ಮೇಲೆ ಬರೆಯದೆ ಬಿಟ್ಟಿದ್ದು: ಬಿದ್ದ ದಿನ ಆಸ್ಪತ್ರೆಯಲ್ಲಿ, ಮಾತ್ರೆ ಯಾಕೆ ಬಿಟ್ಟಿರಿ ಎಂದು ಡಾಕ್ಟರ್ ಗದರಿದಾಗ ಅಜ್ಜಿ, "ನಂಗೆ ಕಣ್ಣು ಸರಿಯಾಗಿ ಕಾಣಲ್ಲ ಡಾಕ್ಟ್ರೇ, ತಪ್ಪು ನಂದೇ" ಎಂದುಬಿಟ್ಟಳು. ಆ್ಯಪ್ ಮಾಡಿದ್ದು ಮೊಮ್ಮಗಳು ಎಂದು ಬಾಯಿಬಿಡಲಿಲ್ಲ. ಆಸ್ಪತ್ರೆಯಿಂದ ನಿಮಗೆ ಬರುವ ದೂರಿನಲ್ಲೂ ಅದೇ ಇರುತ್ತದೆ, ರೋಗಿಗೆ ದೃಷ್ಟಿದೋಷ ಅಂತ. ನಿಮ್ಮವರು ಸದ್ಯ ಬಚಾವಾದೆವು ಎಂದು ಮುಚ್ಚಿಹಾಕುತ್ತಾರೆ. ಹಾಗೆ ಮುಚ್ಚಿಹಾಕಲು ಬಿಡಬೇಡ. ನಿನಗೆ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡ ಅಜ್ಜಿ, ಈಗ ನನ್ನ ಪಕ್ಕದಲ್ಲೇ ಕೂತು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ.