ಅಮ್ಮನ ಜೇಬಿಗೆ ಎರಡು ಸಲ ಕೈ

ಓತ್ಸುಕಾ, ಟೋಕಿಯೊ
೨೪ ಜುಲೈ ೨೦೦೫

ತಮ್ಮ ಕಾತ್ಸುನೋರಿಗೆ,

ಪತ್ರ ಎಂದಮೇಲೆ ಮೊದಲು ಸೆಕೆಯ ಬಗ್ಗೆ, ಜೀರುಂಡೆಗಳ ಬಗ್ಗೆ ನಾಲ್ಕು ಒಳ್ಳೆಯ ಸಾಲು ಬರೆಯಬೇಕು. ಅಂಥ ಸಾಲುಗಳನ್ನು ಬರೆದೇ ಹೊಟ್ಟೆ ಹೊರೆದವಳು ನಾನು. ನಿನಗೆ ಪುಕ್ಕಟೆ ಬರೆದುಕೊಡಲಾರೆ.

ಉತ್ತರ ತಡವಾಯಿತು, ಕ್ಷಮಿಸು ಎನ್ನುವುದು ಮರ್ಯಾದೆ. ಅಂದುಬಿಟ್ಟಿದ್ದೇನೆ, ಆಯಿತಲ್ಲ. ನಿನ್ನ ಎರಡೂ ಪತ್ರ ತಲುಪಿವೆ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ರಿಸೀವರ್ ಕುಕ್ಕಿದವಳೂ ನಾನೇ, ಲೈನು ಕೆಟ್ಟಿರಲಿಲ್ಲ.

ನಿನ್ನ ಹೆಂಡತಿ ಮಿತ್ಸುಯೋ ಬೇಸಿಗೆಯ ಉಡುಗೊರೆಯೆಂದು ಕಳಿಸಿದ ಶ್ಯಾವಿಗೆಯ ಪೆಟ್ಟಿಗೆಯನ್ನು ಈ ಪತ್ರದ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ಅವಳು ಬೇಜಾರು ಮಾಡಿಕೊಳ್ಳುವುದು ಬೇಡ. ಪಾಪ, ಅಮ್ಮನ ಕೊನೆಗಾಲದಲ್ಲಿ ಕಾಲೊತ್ತಿದವಳು ಅವಳು, ನಾನೂ ಅಲ್ಲ, ನೀನೂ ಅಲ್ಲ. ಆದರೆ ಪೆಟ್ಟಿಗೆಯ ಮೇಲೆ ಕಳಿಸಿದವರ ಜಾಗದಲ್ಲಿ ನಿನ್ನ ಹೆಸರಿದೆ. ಆ ಹೆಸರು ಅಂಟಿಸಿದ ಶ್ಯಾವಿಗೆ ಎಷ್ಟು ತೆಳ್ಳಗಿದ್ದರೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಸರ್ಕಾರದ ಸಮಿತಿಯ ಮುಂದೆ ನೀನು ನಿಮ್ಮ ಕಂಪನಿಯ ಪರವಾಗಿ ಮಾತಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಅವರ ಅನ್ನ ತಿನ್ನುತ್ತೀಯ, ಅವರ ಪರ ಮಾತಾಡಬೇಕು. ನಾನು ಹಾಡು ಬರೆಯುವವರ ಪರವಾಗಿ ಎದುರು ಮೇಜಿನಲ್ಲಿ ಕೂತಿದ್ದೆ. ಹಾಡು ಕಾಪಿ ಮಾಡಿಕೊಳ್ಳುವ ಮಿನಿಡಿಸ್ಕ್ ಕೊಂಡರೆ ಹಾಡಿನವರ ಪಾಲೆಂದು ಅದರ ಬೆಲೆಯಲ್ಲೇ ಒಂದಿಷ್ಟು ಶುಲ್ಕ ಸೇರಿರುತ್ತದೆ. ನಿಮ್ಮ ಹೊಸ ಪ್ಲೇಯರುಗಳಲ್ಲಿ ಅದಿಲ್ಲ. ಅಂಗೈಯಷ್ಟು ಡಬ್ಬಿಯಲ್ಲಿ ಸಾವಿರಾರು ಹಾಡು ಹಿಡಿಯುತ್ತದೆ ಎಂದು ಜಾಹೀರಾತು ಕೊಡುತ್ತೀರಿ. ಹಿಡಿಯುವುದಕ್ಕೆ ಹಾಡು ಎಲ್ಲಿಂದ ಬಂತು ಎಂದು ಮಾತ್ರ ಕೇಳಬಾರದು! ಅದರ ಮೇಲೂ ಶುಲ್ಕ ಹಾಕಿ ಎಂದೆವು ನಾವು, ಕೂಡದು ಎಂದಿರಿ ನೀವು. ಅಲ್ಲಿಯವರೆಗೂ ಜಗಳ ಜಗಳದ ಹಾಗೇ ಇತ್ತು.

ಆಮೇಲೆ ನೀನು ಅಮ್ಮನನ್ನು ಎಳೆದು ತಂದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ. ನಾಟಕ ಎಲ್ಲಿ ಕಲಿತೆಯೋ ಮಾರಾಯ!

"ನಮ್ಮ ತಾಯಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಹಾಸಿಗೆ ಮೇಲೆ ಇರ್ತಿದ್ರು. ಹಾಡು ಕೇಳೋದೊಂದೇ ಅವರಿಗಿದ್ದ ಸುಖ. ಬಾಡಿಗೆ ಅಂಗಡಿಯಿಂದ ಸೀಡಿ ತಂದು ನಾನೇ ಪ್ಲೇಯರಿಗೆ ತುಂಬಿಕೊಡ್ತಿದ್ದೆ. ಆ ಬಾಡಿಗೆಯಲ್ಲೇ ಹಾಡು ಬರೆದೋರ ಪಾಲೂ ಹೋಗಿರುತ್ತೆ. ಪ್ಲೇಯರ್ ಕೊಳ್ಳೋವಾಗ ಮತ್ತೆ ಕೀಳೋದು ಅಂದ್ರೆ, ಕಾಯಿಲೆ ಮುದುಕಿ ಜೇಬಿಗೆ ಎರಡು ಸಲ ಕೈ ಹಾಕಿದ ಹಾಗೆ" ಎಂದೆ.

ಎಲಾ ಇವನ! ಅಮ್ಮನ ಜೇಬಿಗೆ ಕೈ ಹಾಕುವವಳು ನಾನು! ಅಪ್ಪ ಮನೆ ಬಿಟ್ಟು ಹೋದ ಮೇಲೆ ಆ ಜೇಬು ತುಂಬಿಸಿದವರು ಯಾರು? ನಿನ್ನ ಇಂಜಿನಿಯರಿಂಗ್ ಫೀಸನ್ನು ಯಾವ ಪುಣ್ಯಾತ್ಮ ಬಂದು ಕಟ್ಟಿದ? ಬಂದರಿನ ಹೆಂಗಸು ಕಾಯುತ್ತಾಳೆ, ಹಡಗು ಬರುವುದಿಲ್ಲ ಎಂದು ನಾನು ಬರೆದ ಹಾಡಿನ ರೆಕಾರ್ಡು ಊರೂರಲ್ಲಿ ಖರ್ಚಾಯಿತಲ್ಲ, ಅದು ಕಟ್ಟಿತು. ಸ್ನಾನದ ಮನೆಯಲ್ಲಿ, ಮೀನಿನ ಅಂಗಡಿಯಲ್ಲಿ, "ರೇಡಿಯೋದಲ್ಲಿ ಬರ್ತಿದ್ಯಲ್ಲ, ಅದು ನನ್ನ ಮಗಳದ್ದು" ಎಂದು ಅಮ್ಮ ಹೇಳಿಕೊಂಡು ತಿರುಗುತ್ತಿದ್ದಳು. ಆಗ ನೀನೂ ಹಿಂದೆಯೇ ನಿಂತು ಹಲ್ಲು ಕಿರಿಯುತ್ತಿದ್ದೆ.

ಸಭೆಗೆ ಬರುವಾಗ ಟ್ರಾಮಿನಲ್ಲಿ ಒಬ್ಬಳು ಕಾಲೇಜು ಹುಡುಗಿ ಪಕ್ಕದಲ್ಲಿ ಕೂತಿದ್ದಳು. ಕಿವಿಯಿಂದ ಬಿಳಿ ತಂತಿ ಇಳಿಬಿದ್ದಿತ್ತು. "ಎಷ್ಟು ಹಾಡಿದೆಯಮ್ಮ ಅದರಲ್ಲಿ?" ಎಂದು ಕೇಳಿದೆ. "ಲೆಕ್ಕ ಇಟ್ಟಿಲ್ಲ ಅಜ್ಜಿ" ಎಂದಳು. "ಎಲ್ಲಾ ಕೊಂಡಿದ್ದಾ?" ಎಂದೆ. ನಾನೇನೋ ಅಸಹ್ಯದ ಮಾತಾಡಿದ ಹಾಗೆ ನಕ್ಕು, "ಅಯ್ಯೋ, ಯಾರು ಕೊಳ್ತಾರೆ? ಫ್ರೆಂಡ್ಸ್ ಹತ್ರ ಹಾಕಿಸ್ಕೊಂಡೆ. ನಿಮಗೂ ಹಾಕಿಕೊಡ್ಲಾ?" ಎಂದಳು. ಒಳ್ಳೆಯ ಹುಡುಗಿ, ಇಳಿಯುವಾಗ ನನ್ನ ಚೀಲ ಎತ್ತಿಕೊಟ್ಟಳು. ಕಪಾಳಕ್ಕೆ ಬಿಗಿಯಬೇಕು ಎನ್ನಿಸಿತು.

ಅದೇ ಬಿಸಿಯಲ್ಲಿ ಕೂತಿದ್ದವಳ ಕಿವಿಗೆ ನಿನ್ನ ಜೇಬಿನ ಮಾತು ಬಿತ್ತು. ಎದ್ದು ನಿಂತೆ. ಆಗ ಏನು ಹೇಳಿದೆ ಎಂಬುದು ಮಾರನೆಯ ದಿನ ಪೇಪರಿನಲ್ಲೂ ಬಂದಿದೆ, ನೋಡಿರುತ್ತೀಯ. "ಆ ಮುದುಕಿ ನನಗೂ ಅಮ್ಮ. ಆ ಪ್ಲೇಯರ್ ಈಗ ನಮ್ಮನೇಲಿದೆ, ಅಮ್ಮನ ಫೋಟೋದ ಪಕ್ಕ. ಅದರ ತುಂಬ ನನ್ನ ಹಾಡುಗಳೇ ಇವೆ. ಸ್ವಂತ ತಾಯಿ ಕಾಪಿ ಮಾಡಿಸ್ಕೊಂಡು ಕೇಳಿದ ಹಾಡಿಗೆ ಆ ಡಬ್ಬಿ ಮಾರಿದೋರಿಂದ ನನಗೊಂದು ಯೆನ್ ಬಂದಿಲ್ಲ. ಮುಂದಿನ ಸಭೆಗೆ ತಂದು ಈ ಮೇಜಿನ ಮೇಲೇ ಇಡ್ತೀನಿ. ನೀವೇ ಕೇಳಿ!"

ಜನ ಚಪ್ಪಾಳೆ ತಟ್ಟಿದರು. ರಾಗ ಹಾಕುವ ಇಗುಚಿಯವರು, ಅವರೇ, ನಮ್ಮ ಸಂಘದ ಮುಖ್ಯಸ್ಥರು, "ಫುಜಿಎ ಅವರೇ, ಒಬ್ಬರೇ ಗೆದ್ದುಬಿಟ್ರಲ್ಲ!" ಎಂದು ನನ್ನ ಕೈ ಕುಲುಕಿದರು. ನೀನು ತಲೆ ತಗ್ಗಿಸಿ ಮುಂದಿದ್ದ ಕಾಗದಗಳನ್ನು ಜೋಡಿಸುತ್ತ ಕೂತಿದ್ದೆ. ಬಾಯಿ ಮುಚ್ಚಿಸಿದೆನಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಲಿಫ್ಟಿನ ಹತ್ತಿರ ಬಂದು ನನ್ನ ತೋಳು ಹಿಡಿದೆ. "ಅಕ್ಕ, ದಯವಿಟ್ಟು ಅದನ್ನ ತರಬೇಡ" ಎಂದೆ.

"ಯಾಕೋ, ಈಗಲೇ ನಡುಕ ಬಂತಾ?"

"ಹಾಗಲ್ಲ. ಬೇಡ ಅಂದ್ರೆ ಬೇಡ. ನನ್ನ ಮಾತು ಕೇಳು."

"ನಿನ್ನ ಕೆಲಸ ಹೋಗುತ್ತೇನೋ, ಪಾಪ" ಎಂದು ಅಣಕಿಸಿ ಲಿಫ್ಟಿನ ಬಾಗಿಲು ಮುಚ್ಚಿಕೊಂಡೆ.

ಆ ಪ್ಲೇಯರ್ ನನ್ನ ಕೈಗೆ ಹೇಗೆ ಬಂತೆಂದು ನಿನಗೆ ಗೊತ್ತು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿಸಿ ಅಮ್ಮನ ವಸ್ತುಗಳನ್ನು ನೆನಪಿಗೆಂದು ಹಂಚಿಕೊಂಡೆವಲ್ಲ, ಮಿತ್ಸುಯೋ ಕಿಮೋನೊ ತೆಗೆದುಕೊಂಡಳು, ಸೋದರತ್ತೆ ಬಾಚಣಿಗೆ. ಇದನ್ನು ಯಾರೂ ಮುಟ್ಟಲಿಲ್ಲ. "ಅದು ಹಳೇ ಮಾಡೆಲ್ಲು ಅಕ್ಕ, ಬಿಡು" ಎಂದು ನೀನು ತೆಗೆದಿಟ್ಟುಕೊಳ್ಳಲು ಹೋದೆ. ನಾನು ಕಿತ್ತುಕೊಂಡೆ. ಅಮ್ಮನ ಕಿವಿಯಲ್ಲಿ ಕೊನೆಗೆ ಇದ್ದದ್ದು ನಾನು, ಅದು ನನಗೇ ಸೇರಬೇಕು ಎಂದು ನನ್ನ ಲೆಕ್ಕ. ತಂದು ಪೂಜೆಯ ಗೂಡಿನಲ್ಲಿಟ್ಟೆ. ದಿನಾ ಅನ್ನ, ಚಹಾ ಇಡುವ ಜಾಗ. ಅಲ್ಲಿಟ್ಟ ವಸ್ತುವನ್ನು ಕೈಗೆತ್ತಿಕೊಂಡು ಗುಂಡಿ ಒತ್ತಿ ಆಡುತ್ತಾರೆಯೇ? ಧೂಳು ಒರೆಸುತ್ತಿದ್ದೆ, ಅಷ್ಟೇ.

ಇರಲಿ. ಈಗ ಸುದ್ದಿ ಹೇಳುತ್ತೇನೆ. ಗುರುವಾರದ ಸಭೆಗೆ ನಾನು ಬರುವುದಿಲ್ಲ. ಮೊಣಕಾಲು ಊದಿಕೊಂಡಿದೆ ಎಂದು ಇಗುಚಿಯವರಿಗೆ ಹೇಳಿದ್ದೇನೆ. "ಪ್ಲೇಯರ್ ಮಾತ್ರ ಕಳಿಸಿಕೊಡಿ, ಪೇಪರಿನೋರು ಕಾಯ್ತಿದ್ದಾರೆ" ಎಂದು ಅವರು ಗೋಗರೆದರು. ಸತ್ತವರ ವಸ್ತು ಬೀದಿಗೆ ತರುವುದು ಸರಿಯಲ್ಲ ಎಂದೆ. ಅವರಿಗೆ ನನ್ನ ಮೇಲೆ ಕೋಪ ಬಂದಿದೆ. ಬರಲಿ. ನೀನು ಗೆದ್ದೆ ಎಂದು ಹಿಗ್ಗಬೇಡ. ಶುಲ್ಕ ಹಾಕಲೇಬೇಕು ಎಂಬ ಮಾತಿನಿಂದ ನಾನು ಹಿಂದೆ ಸರಿದಿಲ್ಲ, ಸಾಯುವ ತನಕ ಸರಿಯುವುದೂ ಇಲ್ಲ. ಇನ್ನೊಂದು ಸಲ ಆ ಮೇಜಿನ ಮುಂದೆ ಅಮ್ಮನ ಹೆಸರು ನಿನ್ನ ಬಾಯಲ್ಲಿ ಬಂದರೆ ಮಾತ್ರ, ಊದಿದ ಮೊಣಕಾಲಲ್ಲೇ ನಡೆದು ಬಂದು ಎಲ್ಲರೆದುರು ನಿನ್ನ ಕಿವಿ ಹಿಂಡುತ್ತೇನೆ.

ಮಕ್ಕಳು ಚೆನ್ನಾಗಿರಲಿ, ಮಿತ್ಸುಯೋಳ ಬೆನ್ನುನೋವು ಬೇಗ ಗುಣವಾಗಲಿ. ನಿನಗೆ ಆಶೀರ್ವಾದ ಮಾಡಲು ಇವತ್ತು ಮನಸ್ಸಿಲ್ಲ. ಆದರೂ ಅಕ್ಕ ಎಂದು ಹುಟ್ಟಿದ ತಪ್ಪಿಗೆ ಬರೆಯುತ್ತೇನೆ: ನೂರು ಕಾಲ ಬಾಳು, ಸಿಗರೇಟು ಬಿಡು.

ನಿನ್ನ ಅಕ್ಕ,
ಫುಜಿಎ

ಬರೆಯಬಾರದೆಂದಿದ್ದೆ, ಬರೆಯುತ್ತಿದ್ದೇನೆ: ಸಭೆಗೆ ಒಯ್ಯಬೇಕಲ್ಲ ಎಂದು ಅಮ್ಮನ ಪ್ಲೇಯರನ್ನು ಮೂಲೆಯ ನುಮಾತಾ ಎಲೆಕ್ಟ್ರಿಕ್ ಅಂಗಡಿಗೆ ತೆಗೆದುಕೊಂಡು ಹೋಗಿ ಚಾರ್ಜ್ ಮಾಡಿಸಿದೆ. ಅಲ್ಲೇ ಸ್ಟೂಲಿನ ಮೇಲೆ ಕೂತು, ಭೂತಕನ್ನಡಿ ಹಿಡಿದು ಹೆಸರುಗಳನ್ನೆಲ್ಲ ನೋಡಿದೆ. ಕುಣಿಯುವ ಹುಡುಗರ ತಂಡದ ಹಾಡುಗಳಿವೆ. ನಗೆಕಥೆ ಹೇಳುವವರದ್ದಿದೆ. ಪಿಯಾನೊ ಇದೆ. ನಾನು ಯಾರ ಹೆಸರು ಕೇಳಿದರೆ ಉರಿದುಬೀಳುತ್ತೇನೋ, ನನ್ನ ಹಿಂದಿನಿಂದ ಬಂದು ನನ್ನ ಗಾಯಕರನ್ನೆಲ್ಲ ಕಿತ್ತುಕೊಂಡಳಲ್ಲ, ಅವಳು ಬರೆದ ಹಾಡುಗಳು ಸಾಲಾಗಿ ಇವೆ. ನನ್ನದು ಒಂದೂ ಇಲ್ಲ. ಮೇಲಿಂದ ಕೆಳಗೆ ನೋಡಿದೆ, ಕೆಳಗಿಂದ ಮೇಲೆ ನೋಡಿದೆ. "ಯಾವ ಹಾಡು ಹುಡುಕ್ತಿದ್ದೀರಿ, ನಾನು ನೋಡ್ಲಾ?" ಎಂದು ನುಮಾತಾ ಕೇಳಿದ. ಯಾವುದೂ ಇಲ್ಲ ಎಂದೆ.

ನಾಳೆ ನಾವು ಕೇಳಿದ ಶುಲ್ಕ ಬಂದು, ಯಾರ ಹಾಡು ಕಾಪಿಯಾಗಿದೆ ಎಂದು ನೋಡಿ ಹಂಚಿದರೂ ಅಮ್ಮನ ಪ್ಲೇಯರಿನಿಂದ ನನಗೆ ಬರುವುದು ಸೊನ್ನೆ. ಕದಿಯುವುದಕ್ಕೂ ಅಮ್ಮನಿಗೆ ನನ್ನ ಹಾಡು ಬೇಕಾಗಿರಲಿಲ್ಲ. ನಿನಗದು ಗೊತ್ತಿತ್ತು. ಲಿಫ್ಟಿನ ಹತ್ತಿರ ನಿನ್ನ ಮುಖ ನಾನು ಸರಿಯಾಗಿ ನೋಡಲಿಲ್ಲ.

ಅಮ್ಮನಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ನೀನು ತುಂಬುತ್ತಿದ್ದೆ. ಹಾಗಾಗಿ ಕಾತ್ಸು, ನನಗೆ ಒಂದೇ ಒಂದು ಸಾಲು ಬರೆದು ಕಳಿಸು. ಅಮ್ಮ ನನ್ನ ಹಾಡು ಹಾಕಿಕೊಡು ಎಂದಿದ್ದಳು, ಹಾಕಲು ನೀನೇ ಮರೆತೆ ಎಂದು ಬರೆ. ಇಲ್ಲ, ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಬೇಕೆಂದೇ ಹಾಕಲಿಲ್ಲ ಎಂದು ಬರೆ. ಸುಳ್ಳಾದರೂ ಸರಿ, ಬರೆ. ಅಮ್ಮನನ್ನು ಬೈಯುವುದು ನನ್ನಿಂದ ಆಗುವುದಿಲ್ಲ. ನಿನ್ನನ್ನಾದರೆ ಸಾಯುವ ತನಕ ಬೈಯಬಲ್ಲೆ.