ಅಣ್ಣನ ಕರಿ ಕೋಟು

ಅಣ್ಣನಿಗೆ ತಂಗಿಯ ನಮಸ್ಕಾರ.

ನಿನ್ನ ವಕೀಲಿ ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗುತ್ತಿದೆ, ಸಡಿಲ ಮಾಡು ಎಂದು ನನ್ನ ಹೊಲಿಗೆ ಅಂಗಡಿಗೆ ಕೊಟ್ಟಿದ್ದೆಯಲ್ಲ, ಆ ವಾರವೇ ಬ್ಯಾಂಕಿನವರು ನನ್ನ ಮನೆಗೆ ಬೀಗ ಜಡಿದರು. ಮನೆ ನನ್ನದು, ಸಾಲ ನಿನ್ನದು. ಅಪ್ಪನ ಆಸ್ತಿಯ ಪಾಲುಪತ್ರವೆಂದು ನೀನು ನನ್ನ ಮುಂದಿಟ್ಟದ್ದು ಅಡಮಾನದ ಪತ್ರವಾಗಿತ್ತು. "ಓದೋದೇನಿದೆ ಪುಟ್ಟಿ, ನಾನು ನಿನ್ನ ಅಣ್ಣ ಅಲ್ವಾ? ಸಹಿ ಹಾಕು" ಎಂದಿದ್ದೆ ನೀನು.

ನಿನ್ನೆ ವಕೀಲರ ಪರಿಷತ್ತಿನ ತೀರ್ಪು ಬಂತು. ನನ್ನ ದೂರು ನಿಜವೆಂದು ಒಪ್ಪಿ, ಇನ್ನು ಈ ಜನ್ಮದಲ್ಲಿ ನೀನು ವಕೀಲಿ ಮಾಡುವಂತಿಲ್ಲ ಎಂದಿದ್ದಾರೆ. ಕೇಳಿ ಹೊಟ್ಟೆ ತಣ್ಣಗಾಯಿತು.

ನೆನಪಿಗಾದರೂ ಇರಲೆಂದು ಅತ್ತಿಗೆ ಬಂದು ಕೋಟು ಕೇಳಿದರು. ಸಡಿಲ ಮಾಡಬೇಕಾದರೆ ಮೊದಲು ಹೊಲಿಗೆ ಬಿಚ್ಚಬೇಕು. ಬಿಚ್ಚುವ ಕೆಲಸವನ್ನು ಪೂರ್ತಿ ಮುಗಿಸಿದ್ದೇನೆ. ತೋಳು, ಕಾಲರು, ಜೇಬು ಎಲ್ಲ ಬೇರೆ ಬೇರೆಯಾಗಿವೆ. ಮತ್ತೆ ಹೊಲಿಯುವ ಅಗತ್ಯ ಕಾಣಲಿಲ್ಲ. ಗಂಟು ಕಟ್ಟಿ ಕಳಿಸಿದ್ದೇನೆ. ಮಜೂರಿ ಬೇಡ.

ಗಂಟಿನ ಜೊತೆ ಒಂದು ಕಾಗದವಿದೆ. ಕೋಟು ತಲುಪಿತೆಂದು ಅದರ ಕೆಳಗೆ ಸಹಿ ಹಾಕಿ ಅತ್ತಿಗೆಯ ಕೈಲಿ ಕಳಿಸು. ಓದೋದೇನಿದೆ ಅಣ್ಣಾ, ನಾನು ನಿನ್ನ ತಂಗಿ ಅಲ್ವಾ?

ಬಾಡಿಗೆ ಕೋಣೆಯಿಂದ,
ಪುಟ್ಟಿ