ಮೂರೂ ಕಾಲುವೆಗೆ ನೀರು

ಭಾನುವಾರ, ಮೆಷಿನ್‌ಗಳಿಗೆ ರಜೆ

ರೀ,

ಹೇಗಿದ್ದೀರಿ ಎಂದು ಆಮೇಲೆ ಕೇಳುತ್ತೇನೆ. ಮೊದಲು ನಾನು ಹೇಗಿದ್ದೇನೆ ಎಂದು ಹೇಳಿಬಿಡಬೇಕು, ಈ ಪತ್ರ ಬರೆಯುತ್ತಿರುವುದೇ ಜಂಬ ಕೊಚ್ಚಿಕೊಳ್ಳಲು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ. ಕಾಗದದಲ್ಲಿ ಆ ತಾಪತ್ರಯವಿಲ್ಲ. ನನಗೆ ‘ರೇಡಿಯೊ’ ಎಂದು ಹೆಸರಿಟ್ಟವರು ನೀವೇ. ಈಗ ಕೂತು ಕೇಳಿ.

ನಮ್ಮ ಹಿತ್ತಿಲಿನ ನೆಲಕ್ಕೆ ಕಾಯಿಲೆ ಬಂದಿತ್ತು. ನಾನೇ ಕಂಡುಹಿಡಿದೆ, ನಾನೇ ವಾಸಿ ಮಾಡಿದೆ.

ಶುರುವಾದದ್ದು ಹುಲ್ಲಿನಿಂದ. ಬಿಸಿಲಿಗೆ ಹಿತ್ತಿಲೆಲ್ಲ ಒಣಗಿ ಹಳೇ ಚಾಪೆಯ ಬಣ್ಣಕ್ಕೆ ತಿರುಗಿದ್ದಾಗ, ಎಡಗಡೆ ಗೋಡೆಯ ಪಕ್ಕ ಮಾತ್ರ ಉದ್ದಕ್ಕೆ ಒಂದು ಪಟ್ಟಿ ಜಮಖಾನ ಹಾಸಿದ ಹಾಗೆ ಹಸಿರಾಗಿತ್ತು. ನನಗೋ ಕೋಡು ಮೂಡಿತು. ಪಕ್ಕದ ಮನೆಯ ಟೈಲರಮ್ಮ ಗೋಡೆಯ ಮೇಲಿಂದ ಕತ್ತು ಚಾಚಿ, “ಅಕ್ಕಾ, ಏನ್ ಗೊಬ್ಬರ ಹಾಕ್ತೀರಿ? ನಮಗೂ ಸ್ವಲ್ಪ ಹೇಳ್ಕೊಡಿ” ಎಂದಳು. “ಗೊಬ್ಬರ ಏನೂ ಇಲ್ಲ ಕಣೇ, ಎಲ್ಲಾ ಕೈಗುಣ” ಎಂದೆ. ಗೊಬ್ಬರ ನಮ್ಮ ಮನೆಯದೇ ಎಂದು ಆಗ ಯಾರಿಗೆ ಗೊತ್ತು! ದಿನಾ ಸಂಜೆ ಆ ಹಸಿರಿನ ಮೇಲೇ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದೆ. ಒಂದು ಸಂಜೆ ಕುರ್ಚಿಯ ಹಿಂದಿನ ಕಾಲು ಬೆಣ್ಣೆಯೊಳಗೆ ಇಳಿದಂತೆ ನೆಲದೊಳಗೆ ಇಳಿಯಿತು. ನಾನು ಲೋಟದ ಸಮೇತ ಆಕಾಶ ನೋಡಿದೆ. ಟೈಲರಮ್ಮ ಓಡಿ ಬಂದು ನನ್ನನ್ನು ಎಬ್ಬಿಸಿದಳು, ಮರುಕ್ಷಣ ಮೂಗು ಮುಚ್ಚಿಕೊಳ್ಳಲು ನನ್ನ ಕೈ ಬಿಟ್ಟಳು, ಮತ್ತೆ ಬಿದ್ದೆ. ಕುರ್ಚಿ ಕಾಲು ಇಳಿದ ತೂತಿನಿಂದ ಕಪ್ಪು ನೀರು ಉಕ್ಕುತ್ತಿತ್ತು.

ಆಮೇಲೆ ಒಂದೊಂದೇ ನೆನಪಾಯಿತು. ಬಟ್ಟೆ ಒಗೆಯುವ ಮೆಷಿನ್ ನೀರು ಬಿಟ್ಟಾಗಲೆಲ್ಲ ಬಚ್ಚಲು ಗುಳುಗುಳು ಎನ್ನುತ್ತಿತ್ತು. ಸ್ನಾನದ ನೀರು ಹೋಗಲೋ ಬೇಡವೋ ಎಂದು ನಿಂತು ನಿಂತು ಹೋಗುತ್ತಿತ್ತು. ಬೆಳಗಿನ ಹೊತ್ತು ವಾಸನೆ ಬೇರೆ. ಅದಕ್ಕೆ ಬೀದಿ ಚರಂಡಿಯನ್ನು ಬೈದು ಸುಮ್ಮನಾಗಿದ್ದೆ. ನೆಲ ಅಷ್ಟು ದಿನದಿಂದ ಹೇಳುತ್ತಲೇ ಇತ್ತು. ನಾನು ಮಾತಾಡುವವಳು, ಕೇಳಿಸಿಕೊಳ್ಳುವವಳಲ್ಲ. ಇದನ್ನು ನೀವು ಹೇಳುವ ಮೊದಲು ನಾನೇ ಹೇಳಿಕೊಂಡಿದ್ದೇನೆ.

ಕಂಟ್ರಾಕ್ಟರನ್ನು ಕರೆಸಿದೆ. ಅವನು ಬೂಟಿನ ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿ, ಹೆಣದ ಮುಂದೆ ನಿಂತವನ ಹಾಗೆ ತಲೆ ಅಲ್ಲಾಡಿಸಿದ. “ನೀರು ಇಂಗೋ ಕಾಲುವೆ ಸತ್ತೋಗಿದೆ ಅಮ್ಮಾ. ಪೂರ್ತಿ ಅಗೆದು ಹೊಸದು ಹಾಕ್ಬೇಕು. ಎರಡು ತಿಂಗಳಾದ್ರೂ ಬೇಕು. ಅಲ್ಲೀವರೆಗೂ ಮೆಷಿನ್ ಬಂದ್.” ನನಗೆ ಹೊದಿಕೆ ಒಗೆಯಲು ಕೊಡುವ ಲಾಡ್ಜಿನ ಮ್ಯಾನೇಜರ್ ಹತ್ತಿರ ಮೆಲ್ಲಗೆ ವಿಷಯ ಎತ್ತಿದರೆ, “ಎರಡು ತಿಂಗಳು ನಮ್ಮ ಗಿರಾಕಿಗಳು ಬರೀ ಹಾಸಿಗೆ ಮೇಲೆ ಮಲಗ್ತಾರಾ? ಒಂದು ವಾರ ನೋಡ್ತೀನಿ, ಆಮೇಲೆ ಹೊದಿಕೆ ಬೇರೆ ಕಡೆ ಕೊಡ್ತೀನಿ” ಎಂದ. ಲಾಡ್ಜ್ ಹೋದರೆ ನನ್ನ ಲಾಂಡ್ರಿಯೂ ಹೋದ ಹಾಗೆ. ಒಗೆಯುವ ಕಲ್ಲಿನಿಂದ ನಾಲ್ಕು ಮೆಷಿನ್‌ವರೆಗೆ ಬಂದವಳು ಮತ್ತೆ ಕಲ್ಲಿನ ಮುಂದೆ ಕೂರಬೇಕಿತ್ತು.

ಮಗಳು ಫೋನ್ ಮಾಡಿ, “ಅಪ್ಪನ್ನ ಕೇಳು. ಆ ಕಾಲುವೆ ತೋಡಿದ್ದು ಅವರೇ ತಾನೆ?” ಎಂದಳು. ಕೇಳಲ್ಲ ಎಂದೆ. “ಅಮ್ಮಾ, ನೀನು ಸೋತರೂ ಮೀಸೆ ತಿರುವೋಳು” ಎಂದು ಬೈದು ಇಟ್ಟಳು. ಹೇಗೆ ಕೇಳಲಿ? “ಈ ಮನೇಲಿ ಒಂದೋ ನಿನ್ನ ಮೆಷಿನ್ ಇರ್ಬೇಕು, ಇಲ್ಲ ನಾನಿರ್ಬೇಕು. ನೆಲ ಇಷ್ಟು ನೀರು ಕುಡಿಯಲ್ಲ ಕಣೇ” ಎಂದು ನೀವು ಮಂಚ, ಕೆಲಸದ ಮೇಜು, ಕಬ್ಬಿಣದ ಬೀರು ಎಲ್ಲವನ್ನೂ ಟೆಂಪೋಗೆ ಏರಿಸಿಕೊಂಡು ನಿಮ್ಮಣ್ಣನ ಮನೆಗೆ ಹೊರಟವರು. ಈಗ ನಾನು ಫೋನ್ ಮಾಡಿದರೆ ಮೊದಲು ಬರುವ ಮಾತು “ನಾನು ಹೇಳ್ಲಿಲ್ವಾ?” ಆ ಮಾತು ಕೇಳುವ ಬದಲು ಮೆಷಿನ್ ಮಾರಿಬಿಡುತ್ತಿದ್ದೆ. ಮಾರಿದರೂ ನೀವೇ ಗೆದ್ದ ಹಾಗೆ. ಎರಡು ಕಡೆಯಿಂದಲೂ ನಷ್ಟ.

ಹಾಗಾಗಿ ಕುರ್ಚಿ ಹಾಕಿಕೊಂಡು (ಒಣ ಜಾಗದಲ್ಲಿ) ಲೆಕ್ಕ ಹಾಕಿದೆ. ನೀವು ತೋಡಿದ್ದು ಮೂರು ಕಾಲುವೆ. ಮನೆಯ ಕೊಳಚೆಯೆಲ್ಲ ಸೇರುವ ಸೆಪ್ಟಿಕ್ ಟ್ಯಾಂಕಿನ ನೀರು ಮೊದಲು ಒಂದು ಸಿಮೆಂಟ್ ಪೆಟ್ಟಿಗೆಗೆ ಬಂದು, ಅಲ್ಲಿಂದ ಮೂರು ತೂತು ಪೈಪುಗಳಿಗೆ ಹಂಚಿಹೋಗಿ, ಜಲ್ಲಿಯೊಳಗೆ ಇಂಗಬೇಕು. ನನ್ನ ಮೆಷಿನ್‌ಗಳಿಂದಲೇ ನೆಲ ಮುಳುಗಿದ್ದರೆ ಮೂರು ಪಟ್ಟಿ ಹಸಿರಾಗಬೇಕಿತ್ತು. ಒಂದೇ ಯಾಕೆ? ಕಂಟ್ರಾಕ್ಟರನ್ನು ಕೇಳಿದೆ. “ಅದೆಲ್ಲಾ ಹಂಗೇ ಅಮ್ಮಾ” ಎಂದ. ಹಂಗೇ ಎನ್ನುವ ಉತ್ತರಕ್ಕೆ ತೃಪ್ತಿಪಟ್ಟವಳಾಗಿದ್ದರೆ ನಾನು ಇವತ್ತಿಗೂ ಒಂದು ಟಬ್ಬಿನಲ್ಲೇ ಬಟ್ಟೆ ಒಗೆಯುತ್ತಿದ್ದೆ.

ಕಬ್ಬಿಣದ ಸರಳು ತಂದು ಅಲ್ಲಲ್ಲಿ ನೆಲಕ್ಕೆ ಚುಚ್ಚಿ ನೋಡಿದೆ. ಎಡಗಡೆ ಎಳೆದರೆ ಕಪ್ಪು ಕೆಸರು. ನಡುವೆ, ಬಲಗಡೆ ಎಳೆದರೆ ಬರೀ ಧೂಳು. ಅಂದರೆ ಒಂದು ಕಾಲುವೆ ಮೂವರ ಕೆಲಸ ಮಾಡಿ ಮಾಡಿ ಮಲಗಿದೆ, ಇನ್ನೆರಡು ಕೆಲಸವೇ ಇಲ್ಲದೆ ಕೂತಿವೆ.

ಮೆಷಿನ್ ನಿಲ್ಲಿಸಿದೆ. ಲಾರಿಯವರನ್ನು ಕರೆಸಿ ಟ್ಯಾಂಕ್ ಖಾಲಿ ಮಾಡಿಸಿದೆ. ಗಾಬರಿಯಾಗಬೇಡಿ, ಟ್ಯಾಂಕಿನ ಮುಚ್ಚಳ ನಾನು ಮುಟ್ಟಲಿಲ್ಲ, ಒಳಗಿನ ಗಾಳಿ ಆಳನ್ನೇ ತಿನ್ನುತ್ತದೆ ಎಂದು ನೀವು ಹೇಳಿದ್ದು ಮರೆತಿಲ್ಲ. ಆಮೇಲೆ ರಬ್ಬರ್ ಬೂಟು, ಕೈಗವಸು ಹಾಕಿಕೊಂಡು, ಟ್ಯಾಂಕಿನಿಂದ ಹೊರಟ ಪೈಪಿನ ಜಾಡು ಹಿಡಿದು ಅಗೆಯುತ್ತಾ ಹೋದೆ. ಮೊಣಕಾಲುದ್ದ ಆಳದಲ್ಲಿ ಪೆಟ್ಟಿಗೆ ಸಿಕ್ಕಿತು. ಮೇಲಿನ ಚಪ್ಪಡಿ ಸರಿಸಿ ನೋಡಿದರೆ, ಬಸ್ಸಿನಲ್ಲಿ ಪಕ್ಕದವರ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದವರ ಹಾಗೆ ಪೆಟ್ಟಿಗೆ ಪೂರ್ತಿ ಎಡಕ್ಕೆ ವಾಲಿಕೊಂಡಿದೆ! ಬಂದ ನೀರೆಲ್ಲ ಎಡಗಡೆ ಪೈಪಿಗೇ. ಉಳಿದೆರಡು ಪೈಪಿನ ಬಾಯಲ್ಲಿ ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು. ಟೈಲರಮ್ಮನನ್ನು ಕೂಗಿ ಕರೆದು ತೋರಿಸಿದೆ. “ಬಾಡಿಗೆ ಕೊಡ್ತಿದ್ಯಾ ಇದು?” ಎಂದಳು.

ಬಚ್ಚಲ ಬಾಗಿಲ ಹಿಂದೆ, ಏರುತಗ್ಗು ನೋಡುವ ನಿಮ್ಮ ರಸಮಟ್ಟ ನೇತಾಡುತ್ತಿತ್ತು. ಬೀರುವನ್ನೂ ಬಿಡದೆ ಹೊತ್ತುಕೊಂಡು ಹೋದವರು ಇದನ್ನು ಮರೆತಿರೋ, ಬಿಟ್ಟು ಹೋದಿರೋ, ನಾನು ಕೇಳುವುದಿಲ್ಲ. ಹಾರೆ ಹಾಕಿ ಪೆಟ್ಟಿಗೆಯನ್ನು ಮೀಟಿದೆವು, ಕೆಳಗಿನ ಸಡಿಲ ಮಣ್ಣು ತೆಗೆದು ಜಲ್ಲಿ ತುಂಬಿ ದಿಮ್ಮಿಸಿದೆವು, ಮತ್ತೆ ಕೂರಿಸಿದೆವು. ರಸಮಟ್ಟದ ಗುಳ್ಳೆ ನನ್ನ ಜೊತೆ ಬಹಳ ಹೊತ್ತು ಆಟವಾಡಿತು. ಕೊನೆಗೆ ನಡುವೆ ಬಂದು ನಿಂತಾಗ ಉಸಿರು ಬಿಟ್ಟೆ. ಬಿರಿದ ಸಂದುಗಳಿಗೆ ಸಿಮೆಂಟ್ ಮೆತ್ತಿ, ಒಣಗಿದ ಮೇಲೆ ಒಂದು ಬಕೆಟ್ ನೀರು ಸುರಿದೆ. ರೀ, ಮೂರೂ ಪೈಪಿಗೆ ಸಮನಾಗಿ ಹೋಯಿತು! ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೊಳಚೆ ಗುಂಡಿಯ ಮುಂದೆ ಮಂಡಿಯೂರಿ ಇಬ್ಬರು ಹೆಂಗಸರು ಚಪ್ಪಾಳೆ ಹೊಡೆದದ್ದನ್ನು ನೀವು ನೋಡಬೇಕಿತ್ತು.

ದಣಿದ ಎಡಗಡೆ ಕಾಲುವೆಗೆ ಈಗ ಬಿರಡೆ ಹಾಕಿ ಕೆಲವು ತಿಂಗಳು ರಜೆ ಕೊಟ್ಟಿದ್ದೇನೆ. ಅದರ ಪೈಪಿನ ತೂತುಗಳಲ್ಲಿ ನಾನು ಒಗೆದ ಬಟ್ಟೆಗಳಿಂದ ಉದುರಿದ ನೂಲಿನ ಜುಂಜೂ ಸಿಕ್ಕಿಕೊಂಡಿತ್ತು, ಸುಳ್ಳು ಹೇಳುವುದಿಲ್ಲ. ಟೈಲರಮ್ಮ ಹೊಲಿದುಕೊಟ್ಟ ಬಲೆಚೀಲವನ್ನು ಪ್ರತಿ ಮೆಷಿನ್ನಿನ ಪೈಪಿಗೂ ಕಟ್ಟಿದ್ದೇನೆ. ಎಲ್ಲವನ್ನೂ ಒಂದೇ ದಿನ ಒಗೆಯುವುದು ಬಿಟ್ಟು ವಾರಕ್ಕೆಲ್ಲ ಹಂಚಿದ್ದೇನೆ, ಭಾನುವಾರ ಪೂರ್ತಿ ಬಂದ್. ಇದು ನಿಮ್ಮ ಮಾತು ಕೇಳಿದ್ದು ಎಂದುಕೊಳ್ಳಬೇಡಿ, ನೆಲದ ಮಾತು ಕೇಳಿದ್ದು. ಲಾಡ್ಜಿನ ಹೊದಿಕೆಗಳು ಹೇಳಿದ ದಿನಕ್ಕೆ ಮಡಚಿ ಹೋದವು. ಬಚ್ಚಲು ಈಗ ಬಾಯಿ ಮುಚ್ಚಿಕೊಂಡಿದೆ.

ಕಂಟ್ರಾಕ್ಟರ್ ಸುದ್ದಿ ಕೇಳಿ ಬಂದ. ಬಗ್ಗಿ ನೋಡಿದ, ಗುಂಡಿಗೆ ಇಳಿದ, ಒಂದು ಹಿಡಿ ಜಲ್ಲಿ ತೆಗೆದು ಕೈಯಲ್ಲಿ ಆಡಿಸಿದ. “ಮೊದಲು ಇದನ್ನ ಹಾಕಿದ್ದು ಯಾರಮ್ಮಾ? ಒಳ್ಳೇ ಕೈ. ಇಷ್ಟು ಜಲ್ಲಿ ಈಗ ಯಾರೂ ಹಾಕಲ್ಲ.” ನಮ್ಮ ಯಜಮಾನರು ಎಂದೆ. ಆ ಪದ ಬಾಯಿಗೆ ಬಂದು ಎಷ್ಟೋ ದಿನವಾಗಿತ್ತು, ಸ್ವಲ್ಪ ತೊಡರಿತು. “ಸಣ್ಣ ಮನೆಗೆ ಮೂರು ಕಾಲುವೆ ಯಾಕೆ ತೋಡಿದ್ರು?” ಎಂದ. ಪೆಟ್ಟಿಗೆ ಹಾಗೆ ವಾಲಬೇಕಾದರೆ ಅದರ ಮೇಲೆ ಭಾರದ ಗಾಡಿ ಬಂದು ನಿಂತಿರಬೇಕು, ಯಾವ ಗಾಡಿ ಎಂದೂ ಕೇಳಿದ. ನಾನು ಟೀ ತರಲು ಒಳಗೆ ಹೋದೆ.

ಮೂರು ಯಾಕೆ ಎಂದು ಅವತ್ತು ಎಲ್ಲರೂ ನಿಮ್ಮನ್ನು ಕೇಳಿದ್ದರು. ಆಗ ನನ್ನ ಹತ್ತಿರ ಇದ್ದದ್ದು ಒಂದು ಟಬ್ಬು, ಒಂದು ಕಲ್ಲು, ಎರಡು ಮನೆಯ ಬಟ್ಟೆ. ನಿಮ್ಮಣ್ಣ ಕೂಡ ನಕ್ಕಿದ್ದರು. ನೀವು ಸಲಿಕೆ ನಿಲ್ಲಿಸದೆ, “ಇರ್ಲಿ ಬಿಡು, ಇವಳು ಸುಮ್ನೆ ಕೂರೋಳಲ್ಲ” ಎಂದಿರಿ. ನನಗೆ ಅದು ಬೈಗುಳವಾಗಿ ಕೇಳಿಸಿತ್ತು. ಈಗ ಗುಂಡಿಯಲ್ಲಿ ನಿಂತು ಕೇಳಿದರೆ ಬೇರೆಯೇ ಕೇಳಿಸಿತು. ನಾನು ಮೆಷಿನ್ನಿನ ಮುಖ ನೋಡುವ ಎಷ್ಟೋ ಮೊದಲೇ ನೀವು ಅದಕ್ಕೆ ನೆಲ ಸಿದ್ಧ ಮಾಡಿದ್ದಿರಿ. ಅಂಥವರು ಆಮೇಲೆ ನಿಮ್ಮ ಕೆಲಸವನ್ನೇ ನೀವು ನಂಬದೆ ಹೋದಿರಲ್ಲ! ಹೆದರಿದ್ದು ನೆಲ ಮುಳುಗುತ್ತದೆ ಎಂದೋ, ಮನೆಯಲ್ಲಿ ನಿಮ್ಮ ಮಾತಿಗಿಂತ ಮೆಷಿನ್ ಸದ್ದು ಹೆಚ್ಚಾಯಿತು ಎಂದೋ, ಅದನ್ನು ಕೆದಕುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ನಾಲ್ಕು ಮೆಷಿನ್ನಿನ ನೀರನ್ನು ನಿಮ್ಮ ಕಾಲುವೆಗಳು ಕುಡಿಯುತ್ತಿವೆ, ಸದ್ದಿಲ್ಲದೆ. ಇವತ್ತು ನನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಿದೆಯೋ, ಆ ಕೈಯ ಬಗ್ಗೆಯೂ ಅಷ್ಟೇ ಇದೆ. ಸಮನಾಗಿ, ರಸಮಟ್ಟ ಇಟ್ಟು ನೋಡಿದ್ದೇನೆ.

ಈಗ ಕೇಳುತ್ತೇನೆ, ಹೇಗಿದ್ದೀರಿ?

ಇಂತಿ,
ಇನ್ನೂ ಬ್ಯಾಟರಿ ಇಳಿಯದ ನಿಮ್ಮ
ರೇಡಿಯೊ

ಮರೆತಿದ್ದೆ: ಯಾವ ಗಾಡಿ ಎಂದು ಕಂಟ್ರಾಕ್ಟರ್‌ಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನಿಮ್ಮ ಬೀರು ಏರಿಸಲು ಆ ಟೆಂಪೋ ಹಿಂದೆ ಬಂದು ನಿಂತದ್ದು ಸರಿಯಾಗಿ ಆ ಪೆಟ್ಟಿಗೆಯ ಮೇಲೆ. ಕೆಳಗೆ ಏನಿದೆ ಎಂದು ಗೊತ್ತಿದ್ದ ನೀವು ಮುಂದಿನ ಸೀಟಿನಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದಿರಿ. “ಬರ್ಲಿ, ಬರ್ಲಿ, ಇನ್ನೂ ಹಿಂದೆ ಬರ್ಲಿ” ಎಂದು ಕೈ ಬೀಸಿದವಳು ನಾನು. ಈ ಸಲ ವಾಪಸ್ ಬರುವಾಗ ಟೆಂಪೋ ಗೇಟಿನ ಹೊರಗೇ ನಿಲ್ಲಿಸಲು ಹೇಳಿ. ಬೀರು ಭಾರವಿದ್ದರೂ ಪರವಾಗಿಲ್ಲ, ಆ ಕಡೆ ನೀವು ಹಿಡಿಯಿರಿ, ಈ ಕಡೆ ನಾನು ಹಿಡಿಯುತ್ತೇನೆ.